ಮಗುವಿನ ಉಬ್ಬಸ ಮತ್ತು ಮನೆಯೊಳಗಿನ ಗಾಳಿ: ದಾವಣಗೆರೆ ಸೀಮೆಯ ತಂದೆತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿಗೆ ಉಬ್ಬಸವಿದೆ ಎಂದು ವೈದ್ಯರು ಈಗಾಗಲೇ ಗುರುತಿಸಿ ಔಷಧಿ ಆರಂಭಿಸಿರುವ ಮನೆಗಳವರಿಗಾಗಿ ಈ ಉತ್ತರಗಳನ್ನು ಬರೆಯಲಾಗಿದೆ. ಔಷಧಿಯ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಮನೆಯವರ ಕೈಯಲ್ಲಿರುವುದು ಮಗು ಉಸಿರಾಡುವ ಗಾಳಿ, ಮಲಗುವ ಹಾಸಿಗೆ ಮತ್ತು ಗೋಡೆಯ ತೇವ. ಇಲ್ಲಿರುವುದು ಅವುಗಳ ವಿಚಾರ.

ಕಾಯಿಲೆ ಮಗುವಿನ ಎದೆಯಲ್ಲಿದೆ. ಅದಕ್ಕೂ ನಮ್ಮ ಮನೆಗೂ ಏನು ಸಂಬಂಧ?

ಉಬ್ಬಸವಿರುವ ಮಗುವಿನ ಶ್ವಾಸನಾಳಗಳ ಒಳಪದರ ಹೊರಗೆ ಏನೂ ಕಾಣದ ದಿನಗಳಲ್ಲಿಯೂ ಸ್ವಲ್ಪ ಊದಿಕೊಂಡು, ಕೆರಳಿದ ಸ್ಥಿತಿಯಲ್ಲಿರುತ್ತದೆ. ಬೇರೆ ಮಕ್ಕಳು ಎರಡು ಸಲ ಸೀನಿ ಮರೆತುಬಿಡುವಷ್ಟು ಧೂಳು ಅಥವಾ ಹೊಗೆ ಈ ಮಗುವಿನಲ್ಲಿ ನಾಳಗಳ ಸುತ್ತಲಿನ ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಒಳಪದರ ಮತ್ತಷ್ಟು ಊದಿ, ಕಫ ಹೆಚ್ಚಿ, ಗಾಳಿಯ ದಾರಿ ಕಿರಿದಾಗುತ್ತದೆ. ಉಸಿರು ಬಿಡುವಾಗಿನ ಸುಯ್ ಎಂಬ ಸದ್ದು, ನಸುಕಿನ ಕೆಮ್ಮು, ಎದೆಬಿಗಿತ ಎಲ್ಲವೂ ಇದರಿಂದಲೇ ಬರುವಂಥವು.

ಮಕ್ಕಳಲ್ಲಿ ಉಬ್ಬಸ ಏಕಾಏಕಿ ಉಲ್ಬಣಿಸಲು ಅತಿ ಸಾಮಾನ್ಯ ಕಾರಣ ನೆಗಡಿಯ ವೈರಸ್, ಅದನ್ನು ಯಾವ ಮನೆಯೂ ಪೂರ್ತಿ ತಡೆಯಲಾರದು. ಆದರೆ ದಿನವೂ ಹೊಗೆ ಅಥವಾ ಧೂಳಿನಿಂದ ಕೆರಳಿರುವ ನಾಳಗಳಿಗೆ ನೆಗಡಿ ತಗುಲಿದರೆ ಆಗುವ ತೊಂದರೆ ಬೇರೆ, ಶಾಂತವಾಗಿರುವ ನಾಳಗಳಿಗೆ ತಗುಲಿದರೆ ಆಗುವುದೇ ಬೇರೆ. ಶಾಲೆಗೆ ಹೋಗುವ ಮಗು ಕೂಡ ರಾತ್ರಿಯ ಒಂಬತ್ತು ಹತ್ತು ತಾಸು ಒಂದೇ ಕೋಣೆಯ ಗಾಳಿಯನ್ನು ಉಸಿರಾಡುತ್ತದೆ ಎಂಬುದನ್ನು ಗಮನಿಸಿದರೆ, ಮನೆಯ ವಿಚಾರಕ್ಕೆ ಇಷ್ಟು ಮಹತ್ವ ಏಕೆಂದು ತಿಳಿಯುತ್ತದೆ.

ಧೂಳು, ಹೊಗೆ, ಜಿರಲೆ, ಬೆಕ್ಕು ಎಂದು ದೊಡ್ಡ ಪಟ್ಟಿಯನ್ನೇ ಹೇಳುತ್ತಾರೆ. ಮೊದಲು ಯಾವುದನ್ನು ಹಿಡಿಯಬೇಕು?

ಹೊಗೆಯನ್ನು. ಧೂಳುಹುಳ, ಜಿರಲೆ, ಬೆಕ್ಕಿನ ಅಲರ್ಜಿ ಕೆಲವು ಮಕ್ಕಳಿಗೆ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಹೊಗೆ ಮಾತ್ರ ಅಲರ್ಜಿ ಇರಲಿ ಬಿಡಲಿ ಉಬ್ಬಸವಿರುವ ಪ್ರತಿಯೊಂದು ಮಗುವಿಗೂ ಕೆಟ್ಟದ್ದು. ಅದರಲ್ಲಿ ಬಹುಪಾಲನ್ನು ನಿಲ್ಲಿಸಲು ಹಣವೂ ಬೇಕಾಗಿಲ್ಲ. ಅದಾದ ಮೇಲೆ ಮಗುವಿನ ಹಾಸಿಗೆ, ಅನಂತರ ಗೋಡೆಯ ತೇವ. ಸಾವಿರಾರು ರೂಪಾಯಿಯ ಯಂತ್ರ ಕೊಂಡು ತಂದು, ಅದೇ ಕೋಣೆಯಲ್ಲಿ ಸಂಜೆ ಸೊಳ್ಳೆಬತ್ತಿ ಹಚ್ಚುವ ಮನೆಗಳೂ ಉಂಟು. ಅಲ್ಲಿ ಕೆಟ್ಟಿರುವುದು ಕೆಲಸದ ಕ್ರಮ.

ನಮ್ಮದು ಗ್ಯಾಸ್ ಒಲೆ. ನಮ್ಮ ಮನೆಯಲ್ಲಿ ಹೊಗೆ ಎಲ್ಲಿಂದ ಬರಬೇಕು?

2016ರಲ್ಲಿ ಉಜ್ವಲಾ ಯೋಜನೆ ಬಂದ ನಂತರ ಹಳ್ಳಿಗಳ ಬಹಳಷ್ಟು ಅಡುಗೆಮನೆಗಳಿಗೆ ಗ್ಯಾಸ್ ತಲುಪಿದೆ ಎಂಬುದು ನಿಜ. ಆದರೂ ಅಡುಗೆ ಗ್ಯಾಸಿನ ಮೇಲೆ, ಸ್ನಾನದ ನೀರು ಮಾತ್ರ ಬಚ್ಚಲ ಹಂಡೆಯ ಒಲೆಯಲ್ಲಿ ಎಂಬ ಪದ್ಧತಿ ದಾವಣಗೆರೆ, ಹರಿಹರ, ಚನ್ನಗಿರಿ, ಜಗಳೂರಿನ ಕಡೆಯ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಆ ಒಲೆಗೆ ತೆಂಗಿನ ಮಟ್ಟೆ, ಮೆಕ್ಕೆಜೋಳದ ದಿಂಡು, ಹಸಿ ಸೌದೆಯ ಜೊತೆಗೆ ಹಾಲಿನ ಪ್ಯಾಕೆಟ್, ರಟ್ಟು, ಹಳೆಯ ಬಟ್ಟೆಯೂ ಬೀಳುತ್ತದೆ. ಬಚ್ಚಲಿಗೆ ಹೊಗೆಗೂಡು ಇಲ್ಲದಿದ್ದರೆ ನಸುಕಿನಲ್ಲಿ ಎದ್ದ ಹೊಗೆ ನೇರವಾಗಿ ಮಗು ಇನ್ನೂ ಮಲಗಿರುವ ಕೋಣೆಗೆ ಬರುತ್ತದೆ, ಮತ್ತು ಅದು ಉಬ್ಬಸ ತಾನಾಗಿಯೇ ಹೆಚ್ಚುವ ಹೊತ್ತು. ಸಾಧ್ಯವಿದ್ದರೆ ನೀರನ್ನು ಗ್ಯಾಸ್, ವಿದ್ಯುತ್ ಅಥವಾ ಸೌರಶಕ್ತಿಯಿಂದ ಕಾಯಿಸಬೇಕು. ಆಗದಿದ್ದರೆ ಒಣಗಿದ ಸೌದೆಯನ್ನಷ್ಟೇ ಉರಿಸಿ, ಪ್ಲಾಸ್ಟಿಕ್ ಅನ್ನು ಪೂರ್ತಿ ನಿಲ್ಲಿಸಿ, ಬಚ್ಚಲಿಗೂ ಮನೆಗೂ ನಡುವಿನ ಬಾಗಿಲು ಮುಚ್ಚಿ, ಹೊಗೆ ಹೊರಗೆ ಹೋಗಲು ಮೇಲ್ಗಡೆ ಕೊಳವೆ ಹಾಕಿಸಬೇಕು.

ಇದಲ್ಲದೆ ದೇವರ ಮನೆಯ ಊದಿನಕಡ್ಡಿ, ಲೋಬಾನ, ಕರ್ಪೂರ. ದೃಷ್ಟಿ ತೆಗೆದು ಒಣಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕುವ ರೂಢಿ. ಮನೆಯ ಮುಂದೆ ಗುಡಿಸಿ ಕಸಕ್ಕೆ ಬೆಂಕಿ ಹಚ್ಚುವುದು. ಮಿರ್ಚಿ ಕರಿಯುವಾಗಿನ ಎಣ್ಣೆಹೊಗೆ, ಒಗ್ಗರಣೆಯ ಘಾಟು ಇವೆಲ್ಲವೂ ಅದೇ ಲೆಕ್ಕಕ್ಕೆ ಸೇರುತ್ತವೆ. ಗ್ಯಾಸ್ ಒಲೆಯ ಜ್ವಾಲೆಯಿಂದಲೂ ನೈಟ್ರೋಜನ್ ಡೈಆಕ್ಸೈಡ್ ಹೊರಬರುತ್ತದೆ. ಆದ್ದರಿಂದ ಅಡುಗೆಯ ಹೊತ್ತಿನಲ್ಲಿ ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕುವುದು ಗ್ಯಾಸ್ ಇರುವ ಮನೆಗೂ ಬೇಕು. ಪೂಜೆಗೆ ಎಣ್ಣೆ ದೀಪವೊಂದನ್ನೇ ಹಚ್ಚಿ ಊದಿನಕಡ್ಡಿಯ ಜಾಗವನ್ನು ಹೂವಿಗೆ ಬಿಟ್ಟುಕೊಟ್ಟ ಮನೆಗಳಿವೆ. ಅಲ್ಲಿ ಪೂಜೆಗೆ ಏನೂ ಕೊರತೆಯಾಗಿಲ್ಲ.

ಕೂಸಿಗೆ ನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಕೊಡಲೇಬೇಕು, ಇಲ್ಲದಿದ್ದರೆ ಶೀತವಾಗುತ್ತದೆ ಎಂದು ಅಜ್ಜಿ ಹೇಳುತ್ತಾರೆ. ಏನು ಮಾಡುವುದು?

ತಲೆಗೂದಲು ಬೇಗ ಆರಲಿ, ಮೈ ಬೆಚ್ಚಗಿರಲಿ ಎಂಬ ಅಜ್ಜಿಯ ಉದ್ದೇಶ ಸರಿಯಾದದ್ದೇ, ಅದಕ್ಕೆ ಆರಿಸಿಕೊಂಡ ಸಾಧನ ಮಾತ್ರ ಕೂಸಿನ ಎದೆಗೆ ಹೊಂದುವಂಥದ್ದಲ್ಲ. ಕೆಂಡದ ಮೇಲೆ ಉದುರಿಸಿದ ಸಾಂಬ್ರಾಣಿಯಿಂದ ಏಳುವ ಹೊಗೆಯಲ್ಲಿ ಅತಿ ಸೂಕ್ಷ್ಮ ಕಣಗಳಿರುತ್ತವೆ, ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಹೊರಡುತ್ತದೆ. ಮುಚ್ಚಿದ ಕೋಣೆಯಲ್ಲಿ ಕೂಸು ಇವೆರಡನ್ನೂ ಎಳೆದುಕೊಳ್ಳುತ್ತದೆ. ಒಣಗಿದ ಹತ್ತಿ ಬಟ್ಟೆಯಿಂದ ತಲೆ ಒರೆಸಿ, ಬೆಚ್ಚಗೆ ಸುತ್ತಿ, ಎಳೆಬಿಸಿಲು ಬೀಳುವಲ್ಲಿ ಸ್ವಲ್ಪ ಹೊತ್ತು ಎತ್ತಿಕೊಂಡರೆ ಅಜ್ಜಿಯ ಉದ್ದೇಶ ಪೂರ್ಣವಾಗಿ ಈಡೇರುತ್ತದೆ. ಮುಖದ ಸುತ್ತ ಪೌಡರ್ ಹಾರಿಸುವುದನ್ನೂ ಬಿಡಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಕರ್ಪೂರ, ಮೆಂಥಾಲ್ ಇರುವ ಮುಲಾಮನ್ನು ಹಚ್ಚಬಾರದು.

ಇದನ್ನು ಸೊಸೆ ಹೇಳಿದರೆ ಮಾತಿಗೆ ಮಾತು ಬೆಳೆಯುವ ಮನೆಗಳೂ ಇರುತ್ತವೆ. ಅಂಥಲ್ಲಿ ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ವೈದ್ಯರ ಬಾಯಿಂದಲೇ ಹೇಳಿಸುವುದು ಒಳ್ಳೆಯದು.

ಸೊಳ್ಳೆ ವಿಪರೀತ. ಬತ್ತಿ ಹಚ್ಚದಿದ್ದರೆ ಡೆಂಗಿ ಬರುವುದಿಲ್ಲವೇ?

ಭದ್ರಾ ನಾಲೆಯ ನೀರು ಹರಿಯುವ ಗದ್ದೆ ಬಯಲಿನಲ್ಲಾಗಲಿ, ನಗರದ ತೆರೆದ ಚರಂಡಿಗಳ ಪಕ್ಕದಲ್ಲಾಗಲಿ ಸೊಳ್ಳೆಯನ್ನು ಅಲಕ್ಷಿಸಿ ಎಂದು ಯಾರೂ ಹೇಳಲಾರರು. ಆದರೆ ಒಂದು ಸುರುಳಿ ಬತ್ತಿ ಪೂರ್ತಿ ಉರಿದಾಗ ಹೊರಬೀಳುವ ಸೂಕ್ಷ್ಮ ಕಣಗಳ ಪ್ರಮಾಣ 75ರಿಂದ 137 ಸಿಗರೇಟುಗಳಿಗೆ ಸಮ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿತು. ಕಿಟಕಿ ಮುಚ್ಚಿ, ಮಗುವಿನ ಮಂಚದ ಕೆಳಗೆ ಬತ್ತಿ ಇಟ್ಟು ಮಲಗುವುದೆಂದರೆ ಏನೆಂದು ಇದರಿಂದಲೇ ಊಹಿಸಬಹುದು. ಹಚ್ಚುವ ಕಡ್ಡಿ, ಬೇವಿನ ಸೊಪ್ಪಿನ ಹೊಗೆ, ಮೊಟ್ಟೆಯ ಟ್ರೇ ಸುಡುವುದು ಇವು ಯಾವುವೂ ಇದಕ್ಕಿಂತ ಉತ್ತಮವಲ್ಲ. ಬೇವು ಗಿಡಮೂಲಿಕೆ ಎಂದ ಮಾತ್ರಕ್ಕೆ ಅದರ ಹೊಗೆ ಹೊಗೆಯಲ್ಲದೆ ಹೋಗುವುದಿಲ್ಲ.

ಪ್ಲಗ್ಗಿಗೆ ಹಾಕುವ ದ್ರವದ ಯಂತ್ರದಲ್ಲಿ ಹೊಗೆ ಇಲ್ಲ, ಆದರೆ ಅದರ ಆವಿಯೂ ಕೆಲವು ಮಕ್ಕಳನ್ನು ಕೆರಳಿಸುತ್ತದೆ. ಸೊಳ್ಳೆಪರದೆಯೇ ಎಲ್ಲಕ್ಕಿಂತ ಸುರಕ್ಷಿತ; ಕಿಟಕಿಗೆ ಜಾಲರಿ ಹಾಕಿಸಿದರೆ ಸಂಜೆಯೂ ಗಾಳಿ ಆಡುತ್ತದೆ. ಡೆಂಗಿ ಹರಡುವ ಸೊಳ್ಳೆ ಹಗಲಿನಲ್ಲಿ ಕಚ್ಚುವುದು, ಮೊಟ್ಟೆ ಇಡುವುದು ಮನೆಯ ತೊಟ್ಟಿ, ಡ್ರಮ್ಮು, ಕೂಲರಿನ ಸ್ವಚ್ಛ ನೀರಿನಲ್ಲಿ. ಹಾಗಾಗಿ ರಾತ್ರಿ ಬತ್ತಿ ಹಚ್ಚುವುದಕ್ಕಿಂತ ವಾರಕ್ಕೊಮ್ಮೆ ತೊಟ್ಟಿ ತಿಕ್ಕಿ ತೊಳೆದು ಮುಚ್ಚಳ ಹಾಕುವುದು ಡೆಂಗಿಯನ್ನು ಹೆಚ್ಚು ತಡೆಯುತ್ತದೆ. ಪರದೆಯನ್ನೂ ಆಗಾಗ ತೊಳೆಯಬೇಕು, ಅದು ಧೂಳು ಹಿಡಿಯುತ್ತದೆ.

ಮಗುವಿನ ತಂದೆ ಬೀಡಿ ಸೇದುವುದು ಅಂಗಳದಲ್ಲಿ, ಒಳಗೆ ಅಲ್ಲ. ಅಷ್ಟು ಸಾಕಲ್ಲವೇ?

ಒಳಗೆ ಸೇದುವುದಕ್ಕಿಂತ ವಾಸಿ, ಆದರೆ ಸಾಲದು. ಬಾಗಿಲ ಬಳಿಯ ಹೊಗೆ ಒಳಗೆ ಬರುತ್ತದೆ. ಹೊಗೆಯ ಅಂಶ ಅಂಗಿ, ಮೀಸೆ, ಬೆರಳು, ಹೊದಿಕೆಗಳಲ್ಲಿ ಕುಳಿತು ಗಂಟೆಗಟ್ಟಲೆ ಉಳಿಯುತ್ತದೆ. ಬಿಡುವುದೊಂದೇ ಪೂರ್ಣ ಪರಿಹಾರ. ಬಿಡಲು ನೆರವು ಬೇಕಾದವರು ಕೇಂದ್ರ ಸರ್ಕಾರದ ಉಚಿತ ದೂರವಾಣಿ 1800-11-2356ಕ್ಕೆ ಕರೆ ಮಾಡಬಹುದು. ಅಲ್ಲಿಯವರೆಗೆ ಮನೆಯಿಂದ ದೂರ ಹೋಗಿ ಸೇದಿ, ಅಂಗಿ ಬದಲಿಸಿ, ಕೈ ಮತ್ತು ಮುಖ ತೊಳೆದ ಮೇಲೆಯೇ ಮಗುವನ್ನು ಎತ್ತಿಕೊಳ್ಳಬೇಕು. ಬಂದ ನೆಂಟರಿಗೂ ಇದೇ ನಿಯಮ. ಹಿರಿಯರೆಂಬ ಸಂಕೋಚಕ್ಕೆ ಇಲ್ಲಿ ಸ್ಥಳವಿಲ್ಲ.

ಮನೆ ಮಂಡಕ್ಕಿ ಭಟ್ಟಿಗಳ ಹತ್ತಿರ ಇದೆ, ಇನ್ನೊಂದು ಕಡೆ ದೊಡ್ಡ ರಸ್ತೆ. ಹೊರಗಿನ ಗಾಳಿಗೆ ನಾವೇನು ಮಾಡಲು ಸಾಧ್ಯ?

ದಾವಣಗೆರೆಯ ಗಾಳಿಯ ಬಗ್ಗೆ ಚಿಂತೆ ಅಕಾರಣವಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ, ಗಾಳಿಯ ಗುಣಮಟ್ಟ ನಿಗದಿತ ಮಿತಿಗೆ ಬಾರದ ನಗರಗಳೆಂದು ಕರ್ನಾಟಕದಿಂದ ಗುರುತಿಸಲಾದದ್ದು ನಾಲ್ಕೇ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. ನಮ್ಮಲ್ಲಿ ರಸ್ತೆಯ ಧೂಳು, ವಾಹನ, ಭಟ್ಟಿ, ಕಸ ಸುಡುವ ಹೊಗೆ ಎಲ್ಲವೂ ಕೂಡಿಕೊಂಡಿವೆ. ಭಟ್ಟಿಯಲ್ಲಿ ದುಡಿಯುವ ಕುಟುಂಬಗಳ ಮಕ್ಕಳೇ ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಉಸಿರಾಡುತ್ತಾರೆ ಎಂಬುದನ್ನು ದೂರು ಹೇಳುವವರು ನೆನಪಿಡಬೇಕು. ಟೈರು, ಪ್ಲಾಸ್ಟಿಕ್ ಸುಡುವುದು ಕಂಡುಬಂದರೆ ಮಹಾನಗರ ಪಾಲಿಕೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದುಕೊಡಬಹುದು.

ಮನೆಯ ಮಟ್ಟದಲ್ಲಿ ಮಾಡಬಹುದಾದದ್ದು, ಕಿಟಕಿಯನ್ನು ಹೊತ್ತು ನೋಡಿ ತೆರೆಯುವುದು. ಚಳಿಗಾಲದ ಮುಂಜಾನೆ ಮತ್ತು ಸಂಜೆ ತಣ್ಣನೆಯ ಗಾಳಿ ನೆಲದ ಮಟ್ಟದಲ್ಲಿಯೇ ನಿಲ್ಲುವುದರಿಂದ ಹೊಗೆ ಮೇಲೇರದೆ ಕೇರಿಗಳಲ್ಲಿ ಹರಡಿಕೊಳ್ಳುತ್ತದೆ. ಬಿಸಿಲೇರಿದ ನಂತರ ಅದು ಚದುರುತ್ತದೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿಯವರೆಗೆ ಕಿಟಕಿ ತೆರೆಯಲು ಹನ್ನೊಂದು ಗಂಟೆಯ ನಂತರದ ಹೊತ್ತು ಉತ್ತಮ. ಗಾಳಿಯ ದಿಕ್ಕೂ ಮುಖ್ಯ. ಮಳೆಗಾಲದಲ್ಲಿ ಗಾಳಿ ಬಹುಪಾಲು ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಚಳಿಗಾಲದಲ್ಲಿ ಪೂರ್ವ, ಈಶಾನ್ಯದಿಂದ. ಭಟ್ಟಿಯ ಪಶ್ಚಿಮಕ್ಕಿರುವ ಮನೆಗೆ ಡಿಸೆಂಬರಿನಲ್ಲಿ ಹೊಗೆ ಹೆಚ್ಚು, ಜುಲೈನಲ್ಲಿ ಕಡಿಮೆ. ಮಗು ಮಲಗುವ ಕೋಣೆ ರಸ್ತೆಯ ಕಡೆಗಿದ್ದರೆ ಹಿಂದಿನ ಕೋಣೆಗೆ ಬದಲಾಯಿಸುವುದು ಖರ್ಚಿಲ್ಲದ ಉಪಾಯ.

ನಾವು ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತೇವೆ. ನಮ್ಮಿಂದ ಮಗುವಿಗೆ ತೊಂದರೆಯಾಗುತ್ತದೆಯೇ?

ಆಗಬಹುದು. ಹೊಟ್ಟಿನ ಧೂಳು, ಹತ್ತಿಯ ನವಿರು, ಎಪಿಎಂಸಿಯ ಮೆಕ್ಕೆಜೋಳದ ಧೂಳು, ಚನ್ನಗಿರಿಯ ಕಡೆ ಅಡಿಕೆ ಸುಲಿದು ಬೇಯಿಸುವಲ್ಲಿನ ಹೊಗೆ ಎಲ್ಲವೂ ಬಟ್ಟೆಯ ಜೊತೆಗೆ ಮನೆಗೆ ಬರುತ್ತವೆ. ಕೆಲಸದ ಬಟ್ಟೆಯನ್ನು ಹೊರಗೇ ಕೊಡವಿ, ಕಳಚಿ, ಬೇರೆ ಬುಟ್ಟಿಗೆ ಹಾಕಿ, ಮೈ ತೊಳೆದ ಮೇಲೆ ಮಗುವಿನ ಬಳಿ ಹೋಗಬೇಕು. ಚೀಲಗಳಲ್ಲಿ ಕಾಳುಕಡಿ ತುಂಬಿಟ್ಟಿರುವ ಕೋಣೆಯಲ್ಲಿ ಮಗುವನ್ನು ಮಲಗಿಸಬಾರದು.

ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಹುಳಗಳಿವೆ ಎನ್ನುತ್ತಾರೆ. ನಿಜವೇ? ಹೊಸ ಗಾದಿ ಕೊಳ್ಳಬೇಕೇ?

ನಿಜ. ಧೂಳುಹುಳವೆಂದು ಕರೆಯುವ ಈ ಜೀವಿಗಳು ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ಚಿಕ್ಕವು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅವುಗಳ ಆಹಾರ. ಅವು ನೀರು ಕುಡಿಯುವುದಿಲ್ಲ, ಗಾಳಿಯಲ್ಲಿನ ತೇವವನ್ನೇ ಹೀರಿ ಬದುಕುತ್ತವೆ. ಹಾಗಾಗಿ ತೇವಾಂಶ ಶೇಕಡ 50ಕ್ಕಿಂತ ಬಹಳ ಕಾಲ ಕೆಳಗಿದ್ದರೆ ಕ್ಷೀಣಿಸುತ್ತವೆ. ಅಲರ್ಜಿ ಬರುವುದು ಮುಖ್ಯವಾಗಿ ಅವುಗಳ ಹಿಕ್ಕೆಯಿಂದ. ಚಳ್ಳಕೆರೆ, ಜಗಳೂರಿನಂಥ ಒಣಸೀಮೆಯಲ್ಲಿ ಇವುಗಳ ಕಾಟ ಕರಾವಳಿಯಷ್ಟಿರುವುದಿಲ್ಲ; ಆದರೆ ಮಳೆಗಾಲದ ತಿಂಗಳುಗಳಲ್ಲಿ, ಅದರಲ್ಲೂ ನಾಲೆ ಬಯಲಿನ ಊರುಗಳಲ್ಲಿ, ಹಳೆಯ ಹತ್ತಿ ಗಾದಿಯೊಳಗೆ ಅವು ಚೆನ್ನಾಗಿಯೇ ಬೆಳೆಯುತ್ತವೆ.

ಹೊಸ ಗಾದಿ ಬೇಕಿಲ್ಲ. ಅದೂ ಕೆಲವು ತಿಂಗಳಲ್ಲಿ ಹಳೆಯದರಂತೆಯೇ ಆಗುತ್ತದೆ. ಗಾದಿ, ದಿಂಬುಗಳಿಗೆ ಎಲ್ಲ ಕಡೆಯಿಂದ ಮುಚ್ಚುವ, ಜಿಪ್ ಇರುವ, ಒತ್ತು ನೇಯ್ಗೆಯ ಗವಸು ಹಾಕುವುದು ಮೊದಲ ಕೆಲಸ. ಮೇಲಿನ ಚಾದರ, ದಿಂಬಿನ ಚೀಲ, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾದ ನೀರಿನಲ್ಲಿ ನೆನೆಸಿ ಒಗೆಯಬೇಕು. ತಣ್ಣೀರಿನಲ್ಲಿ ಒಗೆದರೆ ಹಿಕ್ಕೆ ಹೋಗುತ್ತದೆ, ಹುಳ ಸಾಯುವುದಿಲ್ಲ. ಅಷ್ಟು ಬಿಸಿನೀರಿನ ಬಳಿ ಮಕ್ಕಳನ್ನು ಬಿಟ್ಟುಕೊಳ್ಳಬಾರದು.

ನಮ್ಮ ಕಡೆಯ ಬಿಸಿಲು ಈ ವಿಚಾರದಲ್ಲಿ ದೊಡ್ಡ ಅನುಕೂಲ. ಮಾರ್ಚಿನಿಂದ ಮೇವರೆಗೆ ಮಾಳಿಗೆಯ ಮೇಲೆ ಗಾದಿಯನ್ನು ಎರಡೂ ಮಗ್ಗುಲು ಕಾಯುವಂತೆ ಕೆಲವು ಗಂಟೆ ಒಣಗಿಸಿದರೆ ತೇವ ಆರಿ, ಹೊರಪದರದ ಹುಳಗಳು ಬಹಳಷ್ಟು ಸಾಯುತ್ತವೆ. ಸತ್ತ ಹುಳ ಮತ್ತು ಹಿಕ್ಕೆ ಅಲ್ಲಿಯೇ ಉಳಿಯುವುದರಿಂದ ಮಗು ದೂರವಿರುವಾಗ ಕೋಲಿನಿಂದ ಚೆನ್ನಾಗಿ ಬಡಿದು ಕೊಡವಬೇಕು.

ಕೌದಿ ಮತ್ತು ಕಂಬಳಿಯ ಬಗ್ಗೆ ಬೇರೆಯಾಗಿಯೇ ಹೇಳಬೇಕು. ವರ್ಷವಿಡೀ ಅಟ್ಟದ ಮೇಲೋ ಟ್ರಂಕಿನಲ್ಲೋ ಇದ್ದ ಕೌದಿಯನ್ನು ಚಳಿ ಬಿದ್ದ ರಾತ್ರಿ ನೇರವಾಗಿ ಇಳಿಸಿ ಮಗುವಿಗೆ ಹೊದಿಸಿದ ಮರುದಿನವೇ ಕೆಮ್ಮು ಶುರುವಾದರೆ ಅದನ್ನು ಚಳಿಯ ತಲೆಗೆ ಕಟ್ಟುವುದು ರೂಢಿ. ಕೌದಿಯನ್ನು ದೀಪಾವಳಿಯ ಹೊತ್ತಿಗೇ ತೆಗೆದು, ಒಗೆದು, ಒಣಗಿಸಿ ಇಟ್ಟುಕೊಳ್ಳಬೇಕು. ಚಳ್ಳಕೆರೆಯ ಕಂಬಳಿ ಎಷ್ಟೇ ಬೆಚ್ಚಗಿದ್ದರೂ ಉಣ್ಣೆಯನ್ನು ವಾರವಾರ ಬಿಸಿನೀರಿನಲ್ಲಿ ಒಗೆಯಲಾಗದು; ಮಗುವಿಗೆ ಒಗೆಯಬಹುದಾದ ಹತ್ತಿಯ ಹೊದಿಕೆ ಎರಡು ಪದರ ಹಾಕಿ, ಕಂಬಳಿಯನ್ನು ದೊಡ್ಡವರು ಹೊದೆಯಲಿ.

ಹಾಸಿಗೆಯ ಮೇಲಿನ ಬಟ್ಟೆಯ ಗೊಂಬೆಗಳನ್ನು ಒಂದಕ್ಕೆ ಇಳಿಸಿ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ತೊಳೆಯಬಹುದು. ಗವಸು ಒಂದನ್ನೇ ಹಾಕಿ ಬೇರೇನನ್ನೂ ಮಾಡದಿದ್ದರೆ ಹೆಚ್ಚು ಪ್ರಯೋಜನ ಕಾಣುವುದಿಲ್ಲವೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಗವಸು, ಬಿಸಿನೀರು, ಬಿಸಿಲು, ಒದ್ದೆ ಒರೆಸುವಿಕೆ ಜೊತೆಯಾಗಿ ನಡೆದಾಗ, ಅದೂ ಧೂಳುಹುಳದ ಅಲರ್ಜಿ ಇರುವ ಮಗುವಿನಲ್ಲಿ, ಫಲ ಸಿಗುತ್ತದೆ.

ದಿನಕ್ಕೆ ಎರಡು ಸಲ ಕಸ ಗುಡಿಸುತ್ತೇವೆ. ಆದರೂ ಮಗು ಕೆಮ್ಮುತ್ತದೆ, ಏಕೆ?

ಒಣ ಕಸಬರಿಗೆ ಧೂಳನ್ನು ತೆಗೆಯುವುದಕ್ಕಿಂತ ಹೆಚ್ಚಾಗಿ ಎಬ್ಬಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದು, ಗುಡಿಸಲೇಬೇಕಾದರೆ ಮೊದಲು ನೀರು ಚಿಮುಕಿಸುವುದು ಸರಿಯಾದ ಕ್ರಮ. ಎದ್ದ ಧೂಳು ಕೆಳಗೆ ಕೂರಲು ಅರ್ಧ ಗಂಟೆಯಾದರೂ ಬೇಕು. ಆದ್ದರಿಂದ ಮಗು ಶಾಲೆಗೆ ಹೋದ ಮೇಲೆ ಗುಡಿಸುವುದು ಲೇಸು. ಫ್ಯಾನಿನ ರೆಕ್ಕೆ, ಕಿಟಕಿಯ ಜಾಲರಿ, ಬೀರುವಿನ ತಲೆ, ಅಟ್ಟ ಇವನ್ನು ಮರೆಯಬಾರದು.

ಮಳೆಗಾಲದಲ್ಲಿ ಗೋಡೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಬಣ್ಣ ಹೊಡೆಸಿದರೆ ಸರಿಹೋಗುತ್ತದೆಯೇ?

ಹೋಗುವುದಿಲ್ಲ. ಬಣ್ಣ ಬೂಷ್ಟನ್ನು ಒಂದು ಋತುವಿನ ಮಟ್ಟಿಗೆ ಮರೆಮಾಡುತ್ತದೆ ಅಷ್ಟೆ. ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಹುಡುಕಬೇಕು: ಮಾಳಿಗೆಯ ಬಿರುಕು, ಮಳೆನೀರಿನ ಕೊಳವೆಯ ಸೋರಿಕೆ, ಬಚ್ಚಲಿಗೆ ತಾಗಿದ ಗೋಡೆ, ಸಿಂಟೆಕ್ಸ್ ತುಂಬಿ ಹರಿಯುವುದು. ಸೋರಿಕೆ ನಿಂತ ಮೇಲೆ ಬೂಷ್ಟನ್ನು ಸೋಪಿನ ನೀರಿನಿಂದ ತಿಕ್ಕಿ, ಒರೆಸಿ, ಫ್ಯಾನ್ ಹಾಕಿ ಪೂರ್ತಿ ಆರಿಸಬೇಕು. ತಿಕ್ಕುವವರು ಮೂಗು ಬಾಯಿ ಮುಚ್ಚಿಕೊಳ್ಳಬೇಕು, ಮಗು ಆ ದಿನ ಬೇರೆಡೆ ಇರಬೇಕು. ಒಳಗಿನ ತೇವವನ್ನು ಹೋಗಲಾಡಿಸಿದಾಗ ಉಬ್ಬಸದ ಲಕ್ಷಣಗಳು ಕಡಿಮೆಯಾಗುತ್ತವೆ ಎಂಬುದಕ್ಕೆ ಒಳ್ಳೆಯ ಆಧಾರವಿದೆ, ಹಾಗಾಗಿ ಈ ರಿಪೇರಿಗೆ ಹಾಕುವ ಹಣ ದಂಡವಲ್ಲ.

ಬ್ಲೀಚಿಂಗ್ ಪುಡಿಯನ್ನೂ ಬಚ್ಚಲು ತೊಳೆಯುವ ಆಸಿಡ್ಡನ್ನೂ ಎಂದಿಗೂ ಬೆರೆಸಬಾರದು. ಹೊರಡುವ ಕ್ಲೋರಿನ್ ಅನಿಲ ಆರೋಗ್ಯವಂತರ ಎದೆಯನ್ನೂ ಸುಡುತ್ತದೆ. ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಮಗು ಮಲಗುವ ಕೋಣೆಯಲ್ಲಿ ಹಗ್ಗ ಕಟ್ಟಿ ಒಣಹಾಕುವುದೂ ಬೇಡ.

ಬೇಸಿಗೆಯಲ್ಲಿ ಕೂಲರ್ ಹಾಕಬಹುದೇ?

ಹಾಕಬಹುದು, ಕಿಟಕಿ ತೆರೆದಿಟ್ಟು. ಮುಚ್ಚಿದ ಕೋಣೆಯಲ್ಲಿ ಕೂಲರ್ ತೇವವನ್ನು ಏರಿಸುತ್ತದೆ, ನಿಂತ ನೀರು ಮತ್ತು ಹುಲ್ಲಿನ ಪ್ಯಾಡು ಬೂಷ್ಟು ಹಿಡಿಯುತ್ತವೆ. ನೀರನ್ನು ಆಗಾಗ ಬದಲಿಸಿ, ಪ್ಯಾಡನ್ನು ವರ್ಷ ವರ್ಷ ಹೊಸದಾಗಿ ಹಾಕಿಸಬೇಕು. ಎಸಿ ಇದ್ದವರು ಅದರ ಜಾಲರಿಯನ್ನು ತಿಂಗಳಿಗೊಮ್ಮೆಯಾದರೂ ತೊಳೆಯಬೇಕು.

ಜಿರಲೆಗೂ ಉಬ್ಬಸಕ್ಕೂ ನಂಟಿದೆಯೇ? ಸ್ಪ್ರೇ ಹೊಡೆದರೆ ಸಾಕೇ?

ಜಿರಲೆಯ ಹಿಕ್ಕೆ, ಜೊಲ್ಲು, ಸತ್ತ ಮೈಯ ಪುಡಿ ಪ್ರಬಲವಾದ ಅಲರ್ಜಿಕಾರಕಗಳು. ಸ್ಪ್ರೇ ಮಾತ್ರ ಒಂದು ತೊಂದರೆಯನ್ನು ಓಡಿಸಲು ಇನ್ನೊಂದನ್ನು ಕರೆತಂದಂತೆ. ಅದರ ಘಾಟೇ ಮಗುವನ್ನು ಕೆಮ್ಮಿಸುತ್ತದೆ. ಸಿಂಕಿನ ಕೆಳಗೆ, ಸಿಲಿಂಡರಿನ ಹಿಂದೆ, ಫ್ರಿಜ್ಜಿನ ಮೋಟರಿನ ಬಳಿ ಜೆಲ್ ಮದ್ದನ್ನು ಚುಕ್ಕೆ ಚುಕ್ಕೆಯಾಗಿ, ಮಕ್ಕಳ ಕೈಗೆ ಸಿಗದಂತೆ ಹಚ್ಚುವುದು ಉತ್ತಮ. ರಾತ್ರಿ ಮುಸುರೆ ಪಾತ್ರೆ ಉಳಿಸದೆ, ಸಿಂಕು ಒಣಗಿಸಿ, ಗೋಡೆಯ ಬಿರುಕುಗಳಿಗೆ ಸಿಮೆಂಟು ತುಂಬದಿದ್ದರೆ ಯಾವ ಮದ್ದೂ ಹೆಚ್ಚು ದಿನ ಬಾಳುವುದಿಲ್ಲ.

ಬೆಕ್ಕು ಸಾಕಿದ್ದೇವೆ, ಹಿತ್ತಲಿನಲ್ಲಿ ಎಮ್ಮೆಯ ಕೊಟ್ಟಿಗೆ ಇದೆ. ಎಲ್ಲವನ್ನೂ ಬಿಡಬೇಕೇ?

ಪರೀಕ್ಷೆ ಇಲ್ಲದೆ ಬಿಡುವ ಅವಸರ ಬೇಡ. ಚರ್ಮದ ಮೇಲೆ ಮಾಡುವ ಅಲರ್ಜಿ ಪರೀಕ್ಷೆಯಲ್ಲಿ ಬೆಕ್ಕಿನ ಅಲರ್ಜಿ ಕಂಡುಬಂದು, ಬೆಕ್ಕಿನ ಬಳಿ ಹೋದಾಗ ಲಕ್ಷಣಗಳೂ ಹೆಚ್ಚುವುದಾದರೆ ಅದನ್ನು ಬೇರೆ ಮನೆಗೆ ಕೊಡುವುದೇ ಸರಿ. ಕೊಟ್ಟ ಮೇಲೂ ಅದರ ಅಂಶ ಬಟ್ಟೆ, ಗಾದಿಗಳಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ ಫಲ ತಡವಾಗಿ ಕಾಣುತ್ತದೆ. ಎಮ್ಮೆ ಜೀವನಾಧಾರ. ಕೊಟ್ಟಿಗೆಯ ತೊಂದರೆ ಬಹಳ ಸಲ ಎಮ್ಮೆಗಿಂತ ಅದರ ಮೇವಿನದು: ಬೂಷ್ಟು ಹಿಡಿದ ಭತ್ತದ ಹುಲ್ಲು, ಜೋಳದ ಸೊಪ್ಪೆಯ ಧೂಳು. ಮೇವು ಹಾಕುವ, ಸೆಗಣಿ ಬಾಚುವ ಕೆಲಸಕ್ಕೆ ಈ ಮಗುವನ್ನು ಕಳಿಸದಿರುವುದು, ಕೊಟ್ಟಿಗೆಗೆ ತೆರೆಯುವ ಕಿಟಕಿಯನ್ನು ಮುಚ್ಚಿಸುವುದು ಬಹಳಷ್ಟು ಮನೆಗಳಿಗೆ ಸಾಕಾಗುತ್ತದೆ.

ಪಾರ್ಥೇನಿಯಂ ಗಿಡದಿಂದ ಉಬ್ಬಸ ಬರುತ್ತದೆಯೇ?

ಕಾಂಗ್ರೆಸ್ ಗಿಡವೆಂದು ಜನ ಕರೆಯುವ ಈ ಕಳೆಯ ಪರಾಗ ಕೆಲವರಲ್ಲಿ ಮೂಗು, ಕಣ್ಣು, ಎದೆಯನ್ನು ಕೆರಳಿಸುತ್ತದೆ. ಮಳೆ ಬಿದ್ದ ಮೇಲೆ ಖಾಲಿ ಸೈಟು, ರಸ್ತೆಯಂಚುಗಳಲ್ಲಿ ದಟ್ಟವಾಗಿ ಬೆಳೆಯುವ ಇದನ್ನು ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು, ಬೇರುಸಹಿತ ಕೀಳಬೇಕು; ಕಿತ್ತದ್ದನ್ನು ಸುಡಬಾರದು. ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ಕಣದ ಕಡೆಗಿನ ಕಿಟಕಿ ಮುಚ್ಚಿರಲಿ.

ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವಾಗ ಏನು ಎಚ್ಚರ ಬೇಕು?

ಗೋಡೆ ಕೆರೆಯುವ ಧೂಳು, ಬಣ್ಣದ ವಾಸನೆ ಎರಡೂ ಕೆರಳಿಸುವಂಥವು. ಆ ದಿನಗಳಲ್ಲಿ ಮಗುವನ್ನು ಅಜ್ಜನ ಮನೆಗೆ ಕಳಿಸಿ, ವಾಸನೆ ಪೂರ್ತಿ ಹೋದ ಮೇಲೆ ಕರೆತರುವುದು ಕ್ಷೇಮ. ಉಸಿರಿನ ಮೂಲಕ ಔಷಧಿ ಕೊಡುವ ಪಂಪ್ (ಇನ್‌ಹೇಲರ್) ಮತ್ತು ಅದಕ್ಕೆ ಜೋಡಿಸುವ ಕೊಳವೆಯಾದ ಸ್ಪೇಸರ್ ಮಗುವಿನ ಜೊತೆಗೆ ಹೋಗಬೇಕು. ಎಣ್ಣೆ ಬಣ್ಣಕ್ಕಿಂತ ನೀರಿನಲ್ಲಿ ಕಲಸುವ ಬಣ್ಣ ಮೇಲು. ದೀಪಾವಳಿಯ ಪಟಾಕಿಯ ರಾತ್ರಿಗಳಲ್ಲಿ ಮಗು ಒಳಗಿರಲಿ.

ಏರ್ ಪ್ಯೂರಿಫೈಯರ್ ಕೊಂಡರೆ ಇಷ್ಟೆಲ್ಲ ಕಷ್ಟ ತಪ್ಪುವುದಲ್ಲವೇ?

ತಪ್ಪುವುದಿಲ್ಲ. ಹೆಪಾ ಜಾಲರಿಯ ಯಂತ್ರ ಒಂದು ಕೋಣೆಯ ಗಾಳಿಯಲ್ಲಿ ತೇಲುವ ಕಣಗಳನ್ನು ತಗ್ಗಿಸುತ್ತದೆ. ಗಾದಿಯೊಳಗಿನ ಹಿಕ್ಕೆಯನ್ನಾಗಲಿ ಗೋಡೆಯ ತೇವವನ್ನಾಗಲಿ ಅದು ಮುಟ್ಟುವುದಿಲ್ಲ, ಕಿಟಕಿ ತೆರೆದಿದ್ದರೆ ಅದರ ಕೆಲಸ ವ್ಯರ್ಥ, ಜಾಲರಿ ಬದಲಿಸುವ ಖರ್ಚು ನಿಲ್ಲುವುದಿಲ್ಲ. ರಸ್ತೆ ಅಥವಾ ಭಟ್ಟಿಯ ಪಕ್ಕದಲ್ಲಿದ್ದು, ಮನೆಯೊಳಗಿನ ಹೊಗೆಯನ್ನು ಈಗಾಗಲೇ ನಿಲ್ಲಿಸಿದವರಿಗೆ, ಕೈಯಲ್ಲಿ ಹಣವಿದ್ದರೆ, ಮಲಗುವ ಕೋಣೆಗೆ ಒಂದು ಉಪಯೋಗವಾದೀತು. ಓಝೋನ್ ಹೊರಬಿಡುವ ಯಂತ್ರಗಳನ್ನು ಮಾತ್ರ ಕೊಳ್ಳಲೇಬಾರದು, ಓಝೋನ್ ಶ್ವಾಸನಾಳವನ್ನು ಕೆರಳಿಸುತ್ತದೆ.

ಮೊಸರು, ಬಾಳೆಹಣ್ಣು ನಿಲ್ಲಿಸಬೇಕೇ?

ನಿರ್ದಿಷ್ಟ ಆಹಾರದ ಅಲರ್ಜಿ ಸಾಬೀತಾಗದ ಹೊರತು ಬೇಡ. ಬೆಳೆಯುವ ಮಗುವಿನ ತಟ್ಟೆಯಿಂದ ಒಂದೊಂದೇ ಪದಾರ್ಥ ಕಡಿತವಾಗುತ್ತಾ, ಬಚ್ಚಲ ಒಲೆ ಮಾತ್ರ ಉರಿಯುತ್ತಲೇ ಇರುವುದು ವಿಪರ್ಯಾಸ.

ಮನೆ ಪೂರ್ತಿ ಸರಿಪಡಿಸಿದ್ದೇವೆ, ಮಗು ಚೆನ್ನಾಗಿದೆ. ಇನ್ನು ಪಂಪ್ ನಿಲ್ಲಿಸಬಹುದೇ? ಅದು ಚಟವಾಗುತ್ತದೆ ಎಂದು ಹೇಳುತ್ತಾರೆ.

ನೀವಾಗಿಯೇ ನಿಲ್ಲಿಸಬಾರದು. ದಿನವೂ ತೆಗೆದುಕೊಳ್ಳುವ ಪಂಪಿನಲ್ಲಿರುವ ಸ್ಟಿರಾಯ್ಡ್ ನಾಳಗಳ ಊತವನ್ನು ತಗ್ಗಿಸುತ್ತದೆ. ಕಷ್ಟ ಬಂದಾಗ ಮಾತ್ರ ಕೊಡುವ ಪಂಪು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಎರಡರಲ್ಲಿ ಯಾವುದೂ ಚಟ ಹಿಡಿಸುವುದಿಲ್ಲ. ಪಂಪಿನಲ್ಲಿನ ಸ್ಟಿರಾಯ್ಡಿನ ಪ್ರಮಾಣ ಮೈಕ್ರೋಗ್ರಾಮಿನ ಲೆಕ್ಕದ್ದು, ನೇರವಾಗಿ ಎದೆಗೆ ಹೋಗುವಂಥದ್ದು. ದೀರ್ಘಕಾಲ ಬಳಸಿದ ಮಕ್ಕಳ ಎತ್ತರದಲ್ಲಿ ಕಂಡ ವ್ಯತ್ಯಾಸ ಸುಮಾರು ಒಂದು ಸೆಂಟಿಮೀಟರ್. ಹತೋಟಿಯಲ್ಲಿಲ್ಲದ ಉಬ್ಬಸವೂ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಮನೆ ಸರಿಯಾಗಿ ಮಗು ಕೆಲವು ತಿಂಗಳು ಚೆನ್ನಾಗಿದ್ದರೆ ವೈದ್ಯರೇ ಪ್ರಮಾಣವನ್ನು ಹಂತ ಹಂತವಾಗಿ ಇಳಿಸುತ್ತಾರೆ. ಮನೆಯಲ್ಲಿ ಏನೇನು ಬದಲಾಯಿಸಿದಿರಿ, ಯಾವ ರಾತ್ರಿ ಕೆಮ್ಮು ಬಂತು, ಆ ದಿನ ಏನು ನಡೆದಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ಅವರ ನಿರ್ಧಾರಕ್ಕೆ ಅನುಕೂಲ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಓಡಬೇಕು?

ಉಸಿರಿಗಾಗಿ ಪಕ್ಕೆ ಮತ್ತು ಗಂಟಲ ಕುಳಿ ಒಳಸೇದುತ್ತಿದ್ದರೆ, ಮಗು ಒಂದು ಪೂರ್ತಿ ವಾಕ್ಯ ಆಡಲಾಗದಿದ್ದರೆ, ತುಟಿ ನೀಲಿಯಾಗಿದ್ದರೆ, ಮಂಪರು ಕವಿದಂತಿದ್ದರೆ, ಅಥವಾ ವೈದ್ಯರು ಬರೆದುಕೊಟ್ಟಂತೆ ಸ್ಪೇಸರಿನಲ್ಲಿ ಕಷ್ಟಕಾಲದ ಪಂಪ್ ಕೊಟ್ಟ ಮೇಲೂ ಉಸಿರು ಸುಧಾರಿಸದಿದ್ದರೆ 108ಕ್ಕೆ ಕರೆ ಮಾಡಬೇಕು, ಆಂಬ್ಯುಲೆನ್ಸ್ ಬರುವವರೆಗೆ ಮಗುವನ್ನು ಮಲಗಿಸದೆ ಕೂರಿಸಿಕೊಂಡು ಪಂಪ್ ಮುಂದುವರಿಸಬೇಕು. ಬಿಸಿನೀರಿನ ಹಬೆ ಕೊಡುತ್ತಾ ಕಾಲ ಕಳೆಯಬಾರದು; ಅದು ಬಿಗಿದ ನಾಳವನ್ನು ಬಿಡಿಸುವುದಿಲ್ಲ, ಸುಟ್ಟಗಾಯದ ಅಪಾಯವೂ ಇದೆ. ಸುಯ್ ಎಂಬ ಸದ್ದು ಇದ್ದಕ್ಕಿದ್ದಂತೆ ನಿಂತು ಮಗು ಸುಸ್ತಾಗಿ ಸುಮ್ಮನಾದರೆ ಅದು ಗುಣದ ಲಕ್ಷಣವಲ್ಲ, ಗಾಳಿಯೇ ಆಡುತ್ತಿಲ್ಲ ಎಂಬುದರ ಲಕ್ಷಣ.

ನಮ್ಮದು ಒಂದೇ ಕೋಣೆಯ ಬಾಡಿಗೆ ಮನೆ. ಅಡುಗೆ, ಪೂಜೆ, ಮಲಗುವುದು ಎಲ್ಲವೂ ಅಲ್ಲಿಯೇ. ಇದರಲ್ಲಿ ಏನು ಸಾಧ್ಯ?

ಮಗುವಿನ ಹಾಸಿಗೆಯನ್ನು ಒಲೆಯಿಂದ ದೂರದ, ಕಿಟಕಿಗೆ ಹತ್ತಿರದ ಮೂಲೆಗೆ ಹಾಕಬಹುದು. ಬತ್ತಿಯ ಬದಲು ಪರದೆ ಕಟ್ಟಬಹುದು. ಒಗ್ಗರಣೆ ಹಾಕುವ ಹೊತ್ತಿನಲ್ಲಿ ಮಗುವನ್ನು ಹೊರಗೆ ಕೂರಿಸಬಹುದು. ಗಾದಿಗೆ ಗವಸು ಕೊಳ್ಳಲಾಗದಿದ್ದರೆ ಗಾದಿಯನ್ನೇ ಬಿಟ್ಟು ಚಾಪೆಯ ಮೇಲೆ ಒಗೆಯಬಹುದಾದ ಎರಡು ಚಾದರ ಹಾಸಿ ಮಲಗಿಸಬಹುದು. ವಾರವಾರ ಒಗೆಯುವ ಚಾದರದಲ್ಲಿ ಹುಳ ನೆಲೆಯೂರುವುದಿಲ್ಲ. ಬಟ್ಟೆಗಳನ್ನು ಗೋಡೆಯ ಮೊಳೆಗೆ ನೇತುಹಾಕದೆ ಮುಚ್ಚಳವಿರುವ ಪೆಟ್ಟಿಗೆಯಲ್ಲಿಡಬಹುದು. ಮಾಳಿಗೆ ಸೋರುವುದನ್ನು ಸರಿಪಡಿಸುವುದು ಮನೆಯೊಡೆಯರ ಕೆಲಸ. ಮಗುವಿನ ಆಸ್ಪತ್ರೆಯ ಚೀಟಿಯನ್ನು ತೋರಿಸಿ ಕೇಳಿದರೆ ಕೆಲವರಾದರೂ ಒಪ್ಪುತ್ತಾರೆ, ಒಪ್ಪದಿದ್ದಲ್ಲಿ ಮಳೆಗಾಲಕ್ಕೆ ಮುಂಚೆಯೇ ಸೋರುವ ಗೋಡೆಯಿಂದ ಹಾಸಿಗೆಯನ್ನೂ ಬಟ್ಟೆಯ ಪೆಟ್ಟಿಗೆಯನ್ನೂ ಬೇರೆ ಗೋಡೆಗೆ ಸರಿಸಿಕೊಳ್ಳಬೇಕು.